ಸೇಂಟ್ ಡೇವಿಡ್ಸ್: ಎರಡು ರಾತ್ರಿಯಾದರೂ ತಂಗಬೇಕಾದ ಪುಟ್ಟ ನಗರ

ವೇಲ್ಸ್‌ನ ಪಶ್ಚಿಮ ತುದಿಯ ಸೇಂಟ್ ಡೇವಿಡ್ಸ್ ಜನಸಂಖ್ಯೆಯ ಲೆಕ್ಕದಲ್ಲಿ ಬ್ರಿಟನ್ನಿನ ಅತಿ ಚಿಕ್ಕ ನಗರ. ಎರಡು ಸಾವಿರ ಜನರೂ ಇಲ್ಲದ ಈ ಊರನ್ನು ಕಾರ್ಡಿಫ್‌ನಿಂದ ಬೆಳಿಗ್ಗೆ ಹೊರಟು ಸಂಜೆಗೆ ನೋಡಿ ಮುಗಿಸುವ ಯೋಚನೆಯಿದ್ದರೆ ದಯವಿಟ್ಟು ಬದಲಾಯಿಸಿಕೊಳ್ಳಿ. ಕಾರಿನಲ್ಲಿ ಹೋಗಲು ಎರಡೂವರೆ ಗಂಟೆಯಾದರೂ ಬೇಕು. ಅಲ್ಲದೆ ಇಲ್ಲಿಯ ಸೊಗಸಿನ ಬಹುಪಾಲು ನಡೆದು ನೋಡುವಂಥದ್ದು.

ಯಾವ ತಿಂಗಳು ಹೋಗಬೇಕೆಂಬುದನ್ನು ಮೊದಲು ತೀರ್ಮಾನಿಸಿ. ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳನ್ನು ನೋಡುವ ಆಸೆಯಿದ್ದರೆ ಮೇ, ಜೂನ್ ಒಳ್ಳೆಯದು; ಜುಲೈ ಕೊನೆಯ ಹೊತ್ತಿಗೆ ಅವು ಸಮುದ್ರಕ್ಕೆ ಹೊರಟುಹೋಗುತ್ತವೆ. ಅವು ಗೂಡುಕಟ್ಟುವ ಸ್ಕೋಮರ್ ದ್ವೀಪಕ್ಕೆ ದೋಣಿ ಹೊರಡುವುದು ಸುಮಾರು ಒಂದು ಗಂಟೆಯ ಹಾದಿಯಾಚೆಗಿನ ಮಾರ್ಟಿನ್ಸ್ ಹೇವನ್‌ನಿಂದ ಎಂಬುದನ್ನು ಮರೆಯಬೇಡಿ. ಬೂದು ಸೀಲ್‌ಗಳ ಮರಿಗಳನ್ನು ಕಾಣಬೇಕೆಂದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋಗಿ, ಊರಿಗೆ ಹತ್ತಿರದ ಸೇಂಟ್ ಜಸ್ಟಿನಿಯನ್ಸ್‌ನಿಂದ ರ‍್ಯಾಮ್ಸಿ ದ್ವೀಪದ ಸುತ್ತ ದೋಣಿಯಲ್ಲಿ ಸಾಗಬೇಕು. ಗಾಳಿ ಜೋರಾದ ದಿನ ದೋಣಿಗಳು ಹೊರಡುವುದಿಲ್ಲವಾದ್ದರಿಂದ, ಟಿಕೆಟನ್ನು ಪ್ರವಾಸದ ಮೊದಲ ದಿನಕ್ಕೇ ಕಾಯ್ದಿರಿಸಿದರೆ ಮರುದಿನಕ್ಕೆ ಬದಲಿಸಿಕೊಳ್ಳಲು ಅವಕಾಶವಿರುತ್ತದೆ.

ಊರಿಗೆ ರೈಲಿಲ್ಲ. ಸುಮಾರು 26 ಕಿಲೋಮೀಟರ್ ದೂರದ ಹ್ಯಾವರ್‌ಫರ್ಡ್‌ವೆಸ್ಟ್‌ನಲ್ಲಿ ಇಳಿದು ಬಸ್ ಹಿಡಿಯಬೇಕು. ಭಾನುವಾರ ಬಸ್ಸುಗಳನ್ನು ನಂಬಿಕೊಂಡು ಹೊರಡಬೇಡಿ.

ಪೇಟೆಯಲ್ಲಿ ನಿಂತು ನೋಡಿದರೆ ಕೆಥೆಡ್ರಲ್ ಎಲ್ಲಿದೆಯೆಂದೇ ತಿಳಿಯುವುದಿಲ್ಲ, ಏಕೆಂದರೆ ಅದು ಆಲನ್ ಎಂಬ ಸಣ್ಣ ನದಿಯ ಕಣಿವೆಯೊಳಗೆ ಇಳಿದು ಕುಳಿತಿದೆ. ಹಳೆಯ ಹೆಬ್ಬಾಗಿಲನ್ನು ದಾಟಿದೊಡನೆ ಗೋಪುರದ ಮೇಲ್ಭಾಗವು ನಮ್ಮ ಕಣ್ಣಿನ ಮಟ್ಟದಲ್ಲೇ ಎದುರಾಗುತ್ತದೆ. ಅಲ್ಲಿಂದ 39 ಮೆಟ್ಟಿಲುಗಳನ್ನು ಇಳಿಯಬೇಕು. ಮಂಡಿನೋವಿರುವ ಹಿರಿಯರು ಜೊತೆಗಿದ್ದರೆ ಅವರನ್ನು ಕೆಳಗಿನ ರಸ್ತೆಯಿಂದ ಕರೆತರುವುದು ಲೇಸು. ಈಗಿನ ಕಟ್ಟಡದ ಕೆಲಸ 1181ರಲ್ಲಿ ಆರಂಭವಾಯಿತು. ಹತ್ತಿರದ ಕಡಲತೀರದ ನೇರಳೆ ಛಾಯೆಯ ಮರಳುಗಲ್ಲು ಮಳೆಯಲ್ಲಿ ನೆನೆದಾಗ ಇನ್ನಷ್ಟು ಗಾಢವಾಗುತ್ತದೆ. ಒಳಗೆ ನೆಲವು ಪೂರ್ವದತ್ತ ಕಣ್ಣಿಗೆ ಕಾಣುವಷ್ಟು ಏರುತ್ತದೆ, ಕಂಬಗಳು ಹೊರಕ್ಕೆ ವಾಲಿವೆ. ಹದಿಮೂರನೆಯ ಶತಮಾನದಲ್ಲಿ ಗೋಪುರದ ಕುಸಿತವನ್ನೂ ಭೂಕಂಪವನ್ನೂ ತಾಳಿಕೊಂಡ ಕಟ್ಟಡವಿದು. ತಲೆಯೆತ್ತಿ ಓಕ್ ಮರದ ಚಾವಣಿಯ ಕೆತ್ತನೆಯನ್ನು ನಿಧಾನವಾಗಿ ನೋಡಿ. ಏಳನೆಯ ಹೆನ್ರಿಯ ತಂದೆ ಎಡ್ಮಂಡ್ ಟ್ಯೂಡರ್‌ನ ಸಮಾಧಿಯೂ ಇಲ್ಲಿದೆ. ಇಲ್ಲಿಗೆ ಎರಡು ಬಾರಿ ಯಾತ್ರೆ ಮಾಡಿದರೆ ಒಮ್ಮೆ ರೋಮಿಗೆ ಹೋದಷ್ಟು ಪುಣ್ಯವೆಂದು ಹನ್ನೆರಡನೆಯ ಶತಮಾನದಲ್ಲಿ ಪೋಪ್ ಎರಡನೇ ಕ್ಯಾಲಿಕ್ಸ್ಟಸ್ ಸಾರಿದ್ದರೆಂಬುದು ಪ್ರತೀತಿ. ಪ್ರವೇಶಕ್ಕೆ ಶುಲ್ಕವಿಲ್ಲ, ಕೈಲಾದಷ್ಟು ಕಾಣಿಕೆ ಹಾಕಬಹುದು. ನದಿಯಾಚೆಯ ಬಿಷಪ್ ಅರಮನೆಯ ಅವಶೇಷಗಳಿಗೆ ಟಿಕೆಟ್ ಇದ್ದರೂ, ಬಿಷಪ್ ಹೆನ್ರಿ ಡಿ ಗೋವರ್ ಕಟ್ಟಿಸಿದ ಕಮಾನುಸಾಲಿಗಾಗಿಯೇ ಒಳಗೆ ಹೋಗಬೇಕು.

ಮರುದಿನವನ್ನು ಕಡಲಿಗೆ ಮೀಸಲಿಡಿ. ಪೇಟೆಯಿಂದ ಅರ್ಧ ಗಂಟೆ ನಡೆದರೆ ಸೇಂಟ್ ನಾನ್ಸ್‌ನ ಬಾವಿ ಸಿಗುತ್ತದೆ. ಸಂತ ಡೇವಿಡ್ ಹುಟ್ಟಿದ್ದು ಅಲ್ಲಿಯೇ ಎಂದು ನಂಬುತ್ತಾರೆ. ವೈಟ್‌ಸ್ಯಾಂಡ್ಸ್ ತೀರದಿಂದ ಕೇವಲ 181 ಮೀಟರ್ ಎತ್ತರದ ಕಾರ್ನ್ ಲಿಡಿ ಗುಡ್ಡವನ್ನು ಹತ್ತಿದರೆ ದ್ವೀಪಗಳೆಲ್ಲ ಕಾಣುತ್ತವೆ. ಕೊನೆಯ ಏರು ಬರಿಯ ಬಂಡೆಯಾದ್ದರಿಂದ ಹಿಡಿತವಿರುವ ಬೂಟು ಬೇಕೇ ಬೇಕು. ಅಬೆರೈಡಿಯ ನೀಲಿ ಕೊಳವು ಕಡಲು ನುಗ್ಗಿ ತುಂಬಿದ ಹಳೆಯ ಸ್ಲೇಟು ಗಣಿ. ಅದರ ಅಂಚಿಗೆ ಮಕ್ಕಳನ್ನು ಬಿಡಬೇಡಿ.

ಸಂತ ಡೇವಿಡ್ ಮಾಂಸ ಮುಟ್ಟದೆ ರೊಟ್ಟಿ, ಸೊಪ್ಪು, ನೀರಿನಲ್ಲೇ ಬದುಕಿದರೆಂಬ ಐತಿಹ್ಯವಿದೆ. ಆದರೂ ಸಸ್ಯಾಹಾರಿಗಳು ಕೇಳಿ ತಿಳಿದು ತಿನ್ನಬೇಕು: ಸ್ಥಳೀಯ ಕಾವ್ಲ್ ಸಾರಿನಲ್ಲಿ ಸಾಮಾನ್ಯವಾಗಿ ಕುರಿಮಾಂಸವಿರುತ್ತದೆ, ವೆಲ್ಷ್ ಕೇಕಿಗೆ ಮೊಟ್ಟೆ ಹಾಕುತ್ತಾರೆ. ಅಡುಗೆಮನೆಯಿರುವ ವಸತಿಯನ್ನು ಆರಿಸಿ, ಅಕ್ಕಿ, ಬೇಳೆ, ಸಾರಿನ ಪುಡಿಯನ್ನು ಕಾರ್ಡಿಫ್‌ನಲ್ಲೇ ಕೊಂಡೊಯ್ಯುವುದು ಉತ್ತಮ.