ಟ್ಯಾಬ್ಲೆಟ್ ಬೀರುವಿನಿಂದ ಹೊರಗೆ ಬಂದ ಮೇಲೆ

ಸರ್ಕಾರಿ ಶಾಲೆಗೆ ಟ್ಯಾಬ್ಲೆಟ್ ಬಂದರೆ ಅದು ಮೊದಲು ಹೋಗುವುದು ತರಗತಿಗಲ್ಲ, ಬೀರುವಿಗೆ. ಸ್ಟಾಕ್ ರಿಜಿಸ್ಟರ್‌ನಲ್ಲಿ ಅದರ ಮುಂದೆ ಒಬ್ಬ ಶಿಕ್ಷಕರ ಸಹಿ ಇರುತ್ತದೆ. ಪರದೆ ಒಡೆದರೆ ಉತ್ತರ ಹೇಳಬೇಕಾದವರು ಅವರೇ. ಬಳಸದೆ ಇಟ್ಟರೆ ಮಾತ್ರ ಯಾರೂ ಏನೂ ಕೇಳುವುದಿಲ್ಲ. 'ಮೇಷ್ಟ್ರುಗಳಿಗೆ ತಂತ್ರಜ್ಞಾನ ಅಂದ್ರೆ ಭಯ' ಅನ್ನುವುದು ಸುಮ್ನೆ ಮಾತು. ನಮಗೆ ಭಯ ಇರುವುದು ಆ ರಿಜಿಸ್ಟರ್ ಕಂಡರೆ.

ನಮ್ಮ ಮುಖ್ಯ ಶಿಕ್ಷಕಿ 'ಪಾಠದ ವೇಳೆ ಕೆಟ್ಟರೆ ಅದು ಶಾಲೆಯ ಖರ್ಚು' ಎಂದು ಬರೆದು ಸಹಿ ಹಾಕಿಕೊಟ್ಟರು. ಎಷ್ಟೋ ತರಬೇತಿಗಳಿಂದ ಆಗದ ಕೆಲಸ ಆ ಒಂದು ಹಾಳೆಯಿಂದ ಆಯಿತು.

ನಾನು ಹೇಳಿಕೊಡುವುದು ಗಣಿತ. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಕೈ ಎತ್ತುವವರು ಯಾವಾಗಲೂ ಅದೇ ನಾಲ್ಕೈದು ಮಕ್ಕಳು. ಅವರ ಉತ್ತರ ಕೇಳಿ ಎಲ್ಲರಿಗೂ ಅರ್ಥವಾಯಿತು ಅಂದುಕೊಂಡು ಮುಂದೆ ಹೋಗುತ್ತೇವೆ. ಟ್ಯಾಬ್ಲೆಟ್ ಕೈಗೆ ಬಂದ ಮೇಲೆ ಒಂದು ಪ್ರಶ್ನೆ ಹಾಕಿದೆ: 0.35 ದೊಡ್ಡದೋ, 0.5 ದೊಡ್ಡದೋ? ಹೆಸರು ಕಾಣುವುದಿಲ್ಲ, ಆದರೆ ಎಲ್ಲರೂ ಒತ್ತಲೇಬೇಕು. ಅರ್ಧಕ್ಕಿಂತ ಜಾಸ್ತಿ ಮಕ್ಕಳು 0.35 ಒತ್ತಿದ್ದರು. 5ಕ್ಕಿಂತ 35 ದೊಡ್ಡದು, ಅಲ್ವಾ? ಅವರ ಲೆಕ್ಕ ಅದು. ದಶಮಾಂಶದ ಪಾಠ ಮುಗಿಯಿತು ಎಂದು ಡೈರಿಯಲ್ಲಿ ಆಗಲೇ ಬರೆದಾಗಿತ್ತು!

ಸರಿ ಉತ್ತರ ನಾನು ಹೇಳಲಿಲ್ಲ. ಪಕ್ಕದವರ ಜೊತೆ ಮಾತಾಡಿ ಮತ್ತೆ ಒತ್ತಿ ಅಂದೆ. ಇದು ನನ್ನ ಉಪಾಯವೇನಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರದ ಮೇಷ್ಟ್ರು ಎರಿಕ್ ಮಜೂರ್ 1990ರ ದಶಕದಿಂದಲೇ ಹೀಗೆ ಪಾಠ ಮಾಡಿದ್ದಾರೆ. ಹಿಂದಿನ ಬೆಂಚಿನ ಹುಡುಗನೊಬ್ಬ ಸ್ಕೇಲ್ ಎತ್ತಿ ಹಿಡಿದು, 'ಅರ್ಧ ಮೀಟರ್ ಉದ್ದವೋ, 35 ಸೆಂಟಿಮೀಟರ್ ಉದ್ದವೋ, ನೀನೇ ಹೇಳು' ಎಂದು ಜಗಳಕ್ಕೆ ನಿಂತ. ಅವನು ಯಾವತ್ತೂ ಕೈ ಎತ್ತಿದವನಲ್ಲ. ಎರಡನೇ ಸಲ ಒತ್ತಿದಾಗ ಹೆಚ್ಚಿನವರು 0.5ಕ್ಕೆ ಬಂದಿದ್ದರು.

ಟ್ಯಾಬ್ಲೆಟ್ ಇಲ್ಲಿ ಏನನ್ನೂ ಕಲಿಸಲಿಲ್ಲ. ಎಷ್ಟು ಮಕ್ಕಳಿಗೆ ಏನು ಗೊತ್ತಿಲ್ಲ ಅನ್ನುವುದನ್ನು ಪರೀಕ್ಷೆಗೆ ಮೊದಲೇ ನನಗೆ ತೋರಿಸಿತು. ನನಗೆ ಬೇಕಿದ್ದದ್ದೂ ಅಷ್ಟೇ.

ಮಗುವಿಗೊಂದು ಯಂತ್ರ ಕೊಟ್ಟುಬಿಟ್ಟರೆ ಕಲಿಕೆ ತಾನೇ ಆಗುತ್ತದೆ ಎಂದು ನಂಬಿದವರು ಬಹಳ. ಪೆರು ದೇಶ ಸರ್ಕಾರಿ ಶಾಲೆಯ ಮಕ್ಕಳಿಗೆ ಲಕ್ಷಗಟ್ಟಲೆ ಪುಟ್ಟ ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಬಂದ ಅಧ್ಯಯನದಲ್ಲಿ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಅಂಕ ಏರಿದ್ದು ಕಾಣಲಿಲ್ಲ. ಲಾಸ್ ಏಂಜಲೀಸ್‌ನ ಸರ್ಕಾರಿ ಶಾಲೆಗಳು 2013ರಲ್ಲಿ ಐಪ್ಯಾಡ್ ಹಂಚಿದಾಗ, ಮಕ್ಕಳು ಸ್ವಲ್ಪ ದಿನದಲ್ಲೇ ಅದರ ನಿರ್ಬಂಧ ತೆಗೆದುಹಾಕಿ ತಮಗೆ ಬೇಕಾದ ಜಾಲತಾಣಗಳಿಗೆ ಹೋದರು. ಮರುವರ್ಷ ಐಪ್ಯಾಡ್ ಕೊಳ್ಳುವ ಒಪ್ಪಂದವೇ ನಿಂತುಹೋಯಿತು. ಮಕ್ಕಳ ಜಾಣತನಕ್ಕೆ ನನಗಂತೂ ನಗು ಬರುತ್ತದೆ.

ನಮ್ಮಲ್ಲಿ ಇಬ್ಬರಿಗೆ ಒಂದು ಟ್ಯಾಬ್ಲೆಟ್. ಸಾಲದೆ ಹಾಗೆ ಶುರುವಾಯಿತು. ಈಗ ತಲೆಗೊಂದು ಕೊಡುತ್ತೇನೆ ಅಂದರೂ ನಾನು ಒಲ್ಲೆ. ಒಬ್ಬನೇ ಇದ್ದರೆ ಸುಮ್ಮನೆ ಒತ್ತಿ ಮುಗಿಸುತ್ತಾನೆ. ಇಬ್ಬರಿದ್ದರೆ ಒತ್ತುವ ಮೊದಲು ವಾದ ಆಗಲೇಬೇಕು. ಇಂಟರ್‌ನೆಟ್ ನಂಬುವ ಹಾಗಿಲ್ಲ, ಆಫ್‌ಲೈನ್ ಆ್ಯಪ್ ಇರಲಿ. ಚಾರ್ಜಿಂಗ್ ಜವಾಬ್ದಾರಿ ಮಕ್ಕಳಿಗೇ ಬಿಡಿ, ಅವರು ಮರೆಯುವುದಿಲ್ಲ.

ನಿಜವಾದ ತೊಡಕು ಬೇರೆಯೇ ಇದೆ. ಅರ್ಧ ತರಗತಿಗೆ ದಶಮಾಂಶ ಬರುವುದಿಲ್ಲ ಎಂದು ಗೊತ್ತಾಯಿತು, ಸರಿ. ಮತ್ತೆ ಹೇಳಿಕೊಡಲು ಪಿರಿಯಡ್ ಎಲ್ಲಿದೆ? ತಪಾಸಣೆಗೆ ಬಂದವರು ಕೇಳುವುದು 'ಎಷ್ಟು ಪಾಠ ಮುಗಿಯಿತು' ಎಂದೇ ಹೊರತು 'ಎಷ್ಟು ಮಕ್ಕಳಿಗೆ ಬಂತು' ಎಂದಲ್ಲ. ಈ ಪ್ರಶ್ನೆ ಬದಲಾಗದೆ ಎಷ್ಟು ಯಂತ್ರ ಕೊಟ್ಟರೂ ನಮ್ಮ ಓಟ ಪಾಠ ಮುಗಿಸುವುದಕ್ಕೇ.

ಈ ವರ್ಷ ಶಾಲೆಗೆ ಇನ್ನೇನು ಬೇಕು ಎಂದು ಮೇಲಿನಿಂದ ಪಟ್ಟಿ ಕೇಳಿದ್ದರು. ಹೊಸ ಟ್ಯಾಬ್ಲೆಟ್ ಬೇಡ, ಇರುವುದರ ರಿಪೇರಿಗೆ ಹಣ ಕೊಡಿ, ವಾರದಲ್ಲಿ ಒಂದು ದಿನ ಹಿಂದಿನ ಪಾಠವನ್ನೇ ಮತ್ತೆ ಮಾಡಲು ಬಿಡಿ ಎಂದು ಬರೆದುಕೊಟ್ಟೆವು. ರಿಪೇರಿ ಹಣಕ್ಕೆ ಒಪ್ಪಿಗೆ ಬಂದಿದೆ. ಆ ಒಂದು ದಿನದ ಬಗ್ಗೆ ಇನ್ನೂ ಉತ್ತರ ಬಂದಿಲ್ಲ.