ಲಕೋಟೆಯಲ್ಲಿ ಬಂದ ಒಂಬತ್ತು ಭತ್ತದ ಕಾಳು

ಕುವೈತಲ್ಲಿ ಭಾನುವಾರ ಅಂದ್ರೆ ವಾರದ ಮೊದಲನೇ ಡ್ಯೂಟಿ ದಿನ, ಹಾಗಾಗಿ ನಮ್ಮಲ್ಲಿ ಹೆಚ್ಚಿನವರು ಪೂಜೆಗೆ ಹೋಗೋದು ಶುಕ್ರವಾರ. ಅಬ್ಬಾಸಿಯಾದಿಂದ ಬಸ್ ಹಿಡಿದು ಸಿಟಿಯ ಹೋಲಿ ಫ್ಯಾಮಿಲಿ ಇಗರ್ಜಿಗೆ ಹೋದ್ರೆ ಒಂದೇ ಕಾಂಪೌಂಡಲ್ಲಿ ಕೊಂಕಣಿ, ಮಲಯಾಳಂ, ತಮಿಳು, ಅರಬಿ ಎಲ್ಲ ಕಿವಿಗೆ ಬೀಳ್ತದೆ. ಆದ್ರೆ ಸೆಪ್ಟೆಂಬರ್ 8 ಹತ್ರ ಬಂತು ಅಂದ್ರೆ ನನ್ನ ಮನಸ್ಸು ಬಂಟ್ವಾಳದಲ್ಲೇ ಇರ್ತದೆ.

ಘಟ್ಟದ ಮೇಲಿನವರಿಗೆ ಮೊಂತಿ ಹಬ್ಬ ಗೊತ್ತಿರ್ಲಿಕ್ಕಿಲ್ಲ. ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ ಅದು, ಅದೇ ದಿನ ನಮಗೆ ತೆನೆ ಹಬ್ಬವೂ ಹೌದು. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಹೂ ಕೊಯ್ದು ಬುಟ್ಟಿಯಲ್ಲಿ ತಂದು ಬಾಲ ಮರಿಯಳ ಮೂರ್ತಿಗೆ ಹಾಕ್ತಾರೆ, ಹಬ್ಬದ ದಿನ ಫಾದರ್ ಹೊಸ ತೆನೆ ಆಶೀರ್ವಾದ ಮಾಡಿ ಮನೆಗೊಂದು ಅಂತ ಕೊಡ್ತಾರೆ, ಆ ಭತ್ತ ಸುಲಿದು ಪಾಯಸಕ್ಕೋ ತೆಂಗಿನ ಹಾಲಿಗೋ ಹಾಕಿ ಮನೆಯವರೆಲ್ಲ ಒಟ್ಟಿಗೆ ಕೂತು ಮೊದಲು ಅದನ್ನು ಬಾಯಿಗೆ ಹಾಕ್ಬೇಕು, ಆಮೇಲೆ ಊಟ. ಆ ದಿನ ಮೀನಿಲ್ಲ ಮಾಂಸ ಇಲ್ಲ, ಬರೀ ತರಕಾರಿ, ಪದಾರ್ಥ ಐದೋ ಏಳೋ ಬೆಸ ಸಂಖ್ಯೆಯಲ್ಲೇ ಆಗ್ಬೇಕು, ಹರಿವೆ ಬೆಂಡೆ ಅಲಸಂಡೆ ಪತ್ರಡೆ, ಬರೀವಾಗ್ಲೇ ಅಮ್ಮನ ಅಡುಗೆಮನೆ ಪರಿಮಳ ಬರ್ತದೆ. ಪರವೂರಲ್ಲಿ ಇರುವ ಮಕ್ಕಳ ಪಾಲು ತೆಗೆದಿಟ್ಟು ಕಳಿಸೋದು ನಮ್ಮ ಮನೆ ಕ್ರಮ.

2014ರಲ್ಲಿ, ನಾನು ಬಂದ ಮೊದಲನೇ ವರ್ಷ, ಕ್ಲಿನಿಕ್‌ನಲ್ಲಿ ಮೂರು ತಿಂಗಳು ಸಂಬಳ ಕೊಡ್ಲಿಲ್ಲ. ಊರಲ್ಲಿ ಸಾಲ, ಇಲ್ಲಿ ರೂಮಿನ ಬಾಡಿಗೆ. ಅಮ್ಮ ಫೋನಲ್ಲಿ ತೇರ್ಸ್, ಅಂದ್ರೆ ಜಪಮಾಲೆ ಪ್ರಾರ್ಥನೆ, ಹೇಳಿದ್ಯಾ ಮಗಾ ಅಂತ ಕೇಳಿದ್ರೆ, ತೇರ್ಸ್ ಹೇಳಿದ್ರೆ ದೇವರು ಸಂಬಳ ಕೊಡ್ತಾನಾ ಅಂತ ಜೋರು ಮಾಡಿ ಫೋನಿಟ್ಟಿದ್ದೆ. ಅಮ್ಮನಿಗೆ ಹಾಗೆ ಹೇಳಿದ್ದು ನನಗೆ ಇವತ್ತಿಗೂ ನೋವು. ಇಗರ್ಜಿಗೆ ಹೋಗೋದೂ ನಿಲ್ಲಿಸಿದ್ದೆ.

ತಿಂಗಳ ಕೊನೆಗೆ ಹಾರಿಸ್ ಹತ್ರ, ಅಂದ್ರೆ ಬಿಲ್ಡಿಂಗ್ ನೋಡ್ಕೊಂಡು ಬಾಡಿಗೆ ವಸೂಲಿ ಮಾಡುವವರ ಹತ್ರ, ಸ್ವಲ್ಪ ದಿನ ಟೈಮ್ ಕೊಡಿ ಅಂತ ಕೇಳ್ಲಿಕ್ಕೆ ಕೆಳಗೆ ಹೋದೆ. ಅವರು ಈಜಿಪ್ಟಿನವರು, ಮೊಣಕಾಲು ನೋವಿದ್ರೂ ಹೇಗಿದ್ದೀರಿ ಅಂದ್ರೆ ಅಲ್‌ಹಮ್ದುಲಿಲ್ಲಾ ಅಂತಲೇ ಹೇಳುವವರು, ದೇವರಿಗೆ ಸ್ತೋತ್ರ ಅಂತ, ಇಲ್ಲಿನ ಅರಬಿ ಕ್ರಿಶ್ಚಿಯನ್ನರೂ ಅದನ್ನೇ ಹೇಳೋದು. ಅವರು ನನ್ನ ಮಾತು ಮುಗಿಯುವ ಮೊದಲೇ ಕೈ ಅಡ್ಡ ಮಾಡಿ, "ನಿನ್ನ ಅಕ್ಕ ಕೊಟ್ಟಾಯ್ತು, ಖಲಾಸ್" ಅಂದ್ರು. ನನಗಿಲ್ಲಿ ಅಕ್ಕ ಇರ್ಲಿಲ್ಲ. ರೂಮಲ್ಲಿದ್ದ ಕೇರಳದ ಪತ್ತನಂತಿಟ್ಟದವರೊಬ್ಬರು, ನಾನು ಚೇಚಿ ಅಂತ ಕರೀತಿದ್ದವರು, ಮಲಯಾಳಂನಲ್ಲಿ ಅಕ್ಕ ಅಂತ, ನನ್ನ ಪಾಲಿನ ಬಾಡಿಗೆ ಕಟ್ಟಿದ್ರು, ನನಗೆ ಒಂದು ಮಾತೂ ಹೇಳದೆ.

ಅದೇ ವಾರ ರಜೆ ಮುಗಿಸಿ ಬಂದ ನಮ್ಮೂರಿನವರೊಬ್ಬರು ಅಮ್ಮ ಕೊಟ್ಟ ಲಕೋಟೆ ತಂದ್ರು. ಪತ್ರ ಇಲ್ಲ, ನ್ಯೂಸ್‌ಪೇಪರ್ ತುಂಡಲ್ಲಿ ಮಡಚಿಟ್ಟ ಒಂಬತ್ತು ಭತ್ತ. ಅಷ್ಟು ಜೋರು ಮಾಡಿದ ಮಗಳಿಗೂ ಅಮ್ಮ ಪಾಲು ತೆಗೆದಿಟ್ಟಿದ್ರು! ಉಗುರಲ್ಲಿ ಒಂದೊಂದೇ ಸುಲಿಯುವಾಗ ಎರಡು ಕಾಳು ತುಂಡಾಯ್ತು, ಆ ತುಂಡನ್ನೂ ಬಿಡದೆ ಹೆಕ್ಕಿ ಶ್ಯಾವಿಗೆ ಪಾಯಸಕ್ಕೆ ಹಾಕಿ ಚೇಚಿಗೊಂದು ಲೋಟ ಕೊಟ್ಟೆ. ಕೊಡುವಾಗ ಥ್ಯಾಂಕ್ಸ್ ಅನ್ಲಿಕ್ಕೆ ಬಾಯಿ ಬರ್ಲಿಲ್ಲ, "ದೇವ್ ಬರೆಂ ಕರುಂ" ಅಂತ ಬಂತು. ಹಾಗಂದ್ರೆ ಏನು ಅಂತ ಕೇಳಿದ್ರು. ದೇವರು ನಿಮಗೆ ಒಳ್ಳೇದು ಮಾಡ್ಲಿ ಅಂತ ಚೇಚಿ, ಕೊಂಕಣಿಯಲ್ಲಿ ನಾವು ಥ್ಯಾಂಕ್ಸ್ ಹೇಳೋದೇ ಹೀಗೆ ಅಂದೆ, ಅಂದ ಮೇಲೆ ನನಗೇ ಹೊಳೀತು, ಸಣ್ಣದಿಂದ ಸಾವಿರ ಸಲ ಹೇಳಿದ್ದೇನೆ, ಅದೊಂದು ಪ್ರಾರ್ಥನೆ ಅಂತ ಯಾವತ್ತೂ ಯೋಚನೆ ಮಾಡಿರ್ಲಿಲ್ಲ. ದೇವರು ಸಂಬಳ ಕೊಡ್ತಾನಾ ಅಂತ ಕೇಳಿದವಳಿಗೆ ಅವನು ಚೇಚಿಯನ್ನೇ ಕೊಟ್ಟಿದ್ದ, ನಾನು ನೋಡಿರ್ಲಿಲ್ಲ ಅಷ್ಟೇ.

ಮುಂದಿನ ಶುಕ್ರವಾರ ಪೂಜೆಗೆ ಹೋದೆ. ಪೂಜೆಯಲ್ಲಿ ಕೊಡುವ ಪರಮಪ್ರಸಾದಕ್ಕೆ ಯೂಕರಿಸ್ಟ್ ಅಂತಾರೆ, ಆ ಗ್ರೀಕ್ ಮಾತಿನ ಅರ್ಥವೇ ಕೃತಜ್ಞತೆ ಅಂತ ಸಣ್ಣದಿರುವಾಗ ಕ್ಯಾಟೆಕಿಸಮ್ ಕ್ಲಾಸಲ್ಲಿ, ಅಂದ್ರೆ ಇಗರ್ಜಿಯ ಧರ್ಮಪಾಠದಲ್ಲಿ, ಬಾಯಿಪಾಠ ಮಾಡಿದ್ದೆ, ಆ ದಿನ ಪರಮಪ್ರಸಾದ ನಾಲಗೆ ಮೇಲಿಟ್ಟಾಗ ಕಣ್ಣೀರು ನಿಲ್ಲಲೇ ಇಲ್ಲ.

ಸಂಬಳ ಆಮೇಲೆ ಕಂತಿನಲ್ಲಿ ಬಂತು, ಚೇಚಿ ಸಾಲ ತೀರಿಸಿದೆ, ಅವರು 2019ರಲ್ಲಿ ಊರಿಗೆ ಹೋದ್ರು. 2023ರಲ್ಲಿ ಹಬ್ಬ ಶುಕ್ರವಾರವೇ ಬಂತು, ಗಂಡ ಮಗ ನಾನು ಮೂವರೂ ರಜೆ ಕೇಳದೆ ಹಬ್ಬ ಮಾಡಿದ್ವಿ. ಲಕೋಟೆ ಈಗಲೂ ಬರ್ತದೆ. ಈ ಸಲ ಮಗ ಎಣಿಸಿ, ಮಮ್ಮಿ ಒಂಬತ್ತಲ್ಲ ಹದಿಮೂರು ಉಂಟು ಅಂದ. ಲೆಕ್ಕ ತಪ್ಪಿತಾ ಅಂತ ಅಮ್ಮನಿಗೆ ಫೋನ್ ಮಾಡಿ ಕೇಳಿದೆ.

"ಎದುರಿನ ಫ್ಲಾಟಿಗೆ ನಾಲ್ಕು ಜನ ಹೊಸತಾಗಿ ಬಂದಿದ್ದಾರೆ ಅಂದಿದ್ದಿಯಲ್ಲ ಮಗಾ, ಅದು ಅವರದ್ದು."