ತಿಂದು ಮುಗಿಸುವ ಉಡುಗೊರೆ

ನಮ್ಮ ಮನೆ ಶೋಕೇಸ್ ತುಂಬಿ ಎಷ್ಟೋ ವರ್ಷ ಆಯಿತು. ಗೃಹಪ್ರವೇಶಕ್ಕೆ ಬಂದ ಗೋಡೆ ಗಡಿಯಾರಗಳು, ಗಾಜಿನ ಪೆಟ್ಟಿಗೆಯೊಳಗಿನ ಗಣಪತಿಗಳು, ಯಾರು ಕೊಟ್ಟರೋ ನೆನಪಿಲ್ಲದ ಪ್ಲಾಸ್ಟಿಕ್ ಹೂವಿನ ಕುಂಡ. ಬಿಸಾಕೋಕೆ ಮನಸ್ಸು ಬರಲ್ಲ, ಒರೆಸೋಕೆ ಪುರುಸೊತ್ತಿಲ್ಲ. ಇಂಥ ಉಡುಗೊರೆಗಳು ಒಂದು ಸಮಾರಂಭದಿಂದ ಇನ್ನೊಂದಕ್ಕೆ ಊರು ಸುತ್ತುತ್ತಲೇ ಇರುತ್ತವೆ. ನಮಗೆ ಬಂದ ಒಂದು ಗಡಿಯಾರದ ಬೆನ್ನಿಗೆ ಬೇರೆ ಯಾರದೋ ಮದುವೆಗೆ ಶುಭ ಕೋರಿದ ಚೀಟಿ ಹಾಗೇ ಅಂಟಿಕೊಂಡಿತ್ತು.

ಅದಕ್ಕೇ ನಮ್ಮ ಮನೆಯಿಂದ ಯಾರಿಗಾದರೂ ಏನಾದರೂ ಹೋದರೆ ಅದು ತಿಂದು ಮುಗಿಯುವಂಥದ್ದೇ. ಇಷ್ಟ ಆದವರು ಮತ್ತೆ ಕೇಳುತ್ತಾರೆ. ಆಗದವರು ಸುಮ್ಮನಿರುತ್ತಾರೆ. ಯಾರಿಗೂ ಮುಜುಗರ ಇಲ್ಲ.

ಜಾಸ್ತಿ ಹೋಗೋದು ಸಾರಿನ ಪುಡಿ. ಮೈಸೂರಲ್ಲಿ ಮನೆಗೊಂದು ಸಾರಿನ ಪುಡಿ ಇರುತ್ತೆ. ಪಕ್ಕದ ಮನೆಯದು ಎಷ್ಟೇ ಚೆನ್ನಾಗಿದ್ದರೂ "ಚೆನ್ನಾಗಿದೆ, ಆದ್ರೆ ನಮ್ಮದರ ಹಾಗಿಲ್ಲ" ಅನ್ನೋದು ಇಲ್ಲಿನ ರೂಢಿ. ನಮ್ಮ ಅತ್ತೆಯ ಲೆಕ್ಕ ಹೀಗೆ: ಅರ್ಧ ಕೆಜಿ ಧನಿಯಕ್ಕೆ ಕಾಲು ಕೆಜಿ ಬ್ಯಾಡಗಿ, ಒಂದು ಹಿಡಿ ಗುಂಟೂರು ಮೆಣಸಿನಕಾಯಿ, 100 ಗ್ರಾಂ ಜೀರಿಗೆ, 50 ಗ್ರಾಂ ಕಾಳುಮೆಣಸು, 25 ಗ್ರಾಂ ಮೆಂತ್ಯ, ಅಷ್ಟೇ ಸಾಸಿವೆ, ಎರಡು ಹಿಡಿ ಕರಿಬೇವು, ಇಂಗು, ಅರಿಶಿನ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಎಲ್ಲವನ್ನೂ ಬೇರೆ ಬೇರೆಯಾಗಿ ಹುರಿಯಬೇಕು. ಒಟ್ಟಿಗೆ ಬಾಣಲೆಗೆ ಸುರಿದರೆ ಧನಿಯ ಬಿಸಿಯಾಗೋ ಹೊತ್ತಿಗೆ ಸಾಸಿವೆ ಸೀದಿರುತ್ತೆ. ಮೆಂತ್ಯ ಕೆಂಪಗಾಗಬೇಕು, ಕಪ್ಪಗಾದರೆ ಇಡೀ ಪುಡಿ ಕಹಿ. ಕರಿಬೇವನ್ನು ಮುಟ್ಟಿದರೆ ಸಾಕು, ಪುಡಿಯಾಗಬೇಕು. ಮೆಣಸಿನಕಾಯಿ ಹುರಿಯುವಾಗ ಒಂದು ಚಮಚ ಹರಳೆಣ್ಣೆ ಹಾಕಿದರೆ ಘಾಟು ಸ್ವಲ್ಪ ತಡೆಯುತ್ತೆ. ಸ್ವಲ್ಪ ಮಾತ್ರ. ಅವತ್ತು ನಮ್ಮ ಮನೆಯವರಿಗೆ ಹೊರಗಡೆ ಏನಾದರೂ ಕೆಲಸ ಇದ್ದೇ ಇರುತ್ತೆ.

ಇಷ್ಟನ್ನೆಲ್ಲ ಮಿಕ್ಸಿಯಲ್ಲಿ ಮಾಡೋಕಾಗಲ್ಲ, ಮಿಲ್ಲಿಗೇ ಹೋಗಬೇಕು. ನಮ್ಮ ಬಡಾವಣೆಯ ಮಿಲ್ಲಿನಲ್ಲಿ ರಾಗಿಗೆ ಒಂದು ಮಿಷನ್, ಖಾರಕ್ಕೆ ಇನ್ನೊಂದು. ಸರದಿಗೆ ಕಾಯುತ್ತಾ ನಿಂತ ಹೆಂಗಸರು ಒಬ್ಬರ ಡಬ್ಬಕ್ಕೆ ಇನ್ನೊಬ್ಬರು ಬಗ್ಗಿ ನೋಡುತ್ತೇವೆ. "ನೀವು ಚಕ್ಕೆ ಹಾಕ್ತೀರಾ?" ಅಂತ ಒಬ್ಬರು ಕೇಳಿದರೆ ಇನ್ನೊಬ್ಬರು "ಅಯ್ಯೋ, ಅದು ಹುಳಿಪುಡಿಗಲ್ವಾ" ಅನ್ನುತ್ತಾರೆ. ಅರ್ಧ ಗಂಟೆ ಹೋಗೋದೇ ಗೊತ್ತಾಗಲ್ಲ. ಮಿಲ್ಲಿನಿಂದ ಬಂದ ಪುಡಿ ಬಿಸಿ ಬಿಸಿ ಇರುತ್ತೆ. ಹಾಗೇ ಬಾಟಲಿಗೆ ತುಂಬಿದರೆ ಬೆವರಿ ಗಂಟಾಗುತ್ತೆ. ಪೇಪರ್ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ ತುಂಬಿ, ನನ್ನ ಹೆಸರು, ತಿಂಗಳು ಬರೆದು ಚೀಟಿ ಅಂಟಿಸುತ್ತೇನೆ. ಹಾರ್ಲಿಕ್ಸ್ ಬಾಟಲಿ, ಜಾಮ್ ಬಾಟಲಿ, ಯಾವುದಾದರೂ ಸರಿ, ಗಾಜಿನದ್ದಾಗಿರಬೇಕು.

ಇನ್ನು ಸುತ್ತಾಟದ ವಿಷಯ. ನನಗೆ ಬೆಳಿಗ್ಗೆ ಹೊರಟು ರಾತ್ರಿ ಮನೆಗೆ ಬಂದು ಬಿಸಿ ಅನ್ನ, ತಿಳಿಸಾರು ತಿನ್ನೋ ಹಾಗಿದ್ದರೆ ಮಾತ್ರ ಪ್ರವಾಸ ಇಷ್ಟ. ಹೋಟೆಲ್ ರೂಮು, ಸೂಟ್‌ಕೇಸು, "ಇನ್ನೊಂದು ಪಾಯಿಂಟ್ ಇದೆ, ನೋಡಿಬಿಡೋಣ" ಅನ್ನೋ ಡ್ರೈವರ್, ಇದೆಲ್ಲ ನನಗೆ ಆಗಿಬರಲ್ಲ. ಮೈಸೂರಲ್ಲಿ ಇರೋರಿಗೆ ಅದರ ಅಗತ್ಯವೂ ಇಲ್ಲ. ಯಾವ ದಿಕ್ಕಿಗೆ ಹೋದರೂ ಒಂದೆರಡು ಗಂಟೆಯೊಳಗೆ ಕೆರೆಯೋ, ಬೆಟ್ಟವೋ, ಗುಡಿಯೋ ಸಿಗುತ್ತೆ. ಅದಕ್ಕಿಂತ ಮುಖ್ಯವಾಗಿ, ಅಡುಗೆಮನೆಗೆ ಏನಾದರೊಂದು ಸಿಗುತ್ತೆ.

ಡಿಸೆಂಬರಿನಲ್ಲಿ ಸೋಮನಾಥಪುರಕ್ಕೆ ಹೋಗಿದ್ದೆವು. ಕೇಶವ ದೇವಸ್ಥಾನ ಕಟ್ಟಿದ್ದು ಹದಿಮೂರನೇ ಶತಮಾನದಲ್ಲಿ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಜನ ಜಾಸ್ತಿ ಬರುತ್ತಿದ್ದಾರೆ ಅನ್ನಿಸಿತು. ಒಳಗೆ ಕೇಶವ, ಜನಾರ್ದನ, ವೇಣುಗೋಪಾಲ ಅಂತ ಮೂರು ಗರ್ಭಗುಡಿ. ನಾನು ಪ್ರತಿ ಸಲ ನೋಡೋದು ಮಾತ್ರ ಹೊರಗೋಡೆಯನ್ನು. ಅಲ್ಲಿನ ಎಷ್ಟೋ ವಿಗ್ರಹಗಳ ಕೆಳಗೆ ಕೆತ್ತಿದವರ ಹೆಸರಿದೆ. ಮಲ್ಲಿತಮ್ಮ ಅನ್ನೋ ಶಿಲ್ಪಿಯ ಹೆಸರಂತೂ ಮತ್ತೆ ಮತ್ತೆ ಬರುತ್ತೆ. ಕೈಯಾರೆ ಮಾಡಿದ್ದಕ್ಕೆ ಹೆಸರು ಹಾಕಿಕೊಳ್ಳೋದರಲ್ಲಿ ತಪ್ಪೇನು? ಅವರದು ಕಲ್ಲಿನ ಮೇಲೆ, ನನ್ನದು ಹಾರ್ಲಿಕ್ಸ್ ಬಾಟಲಿ ಮೇಲೆ, ಅಷ್ಟೇ ವ್ಯತ್ಯಾಸ ಅಂದೆ. ಅತ್ತೆ ನಕ್ಕರು, ನಮ್ಮ ಮನೆಯವರು ಕೈಮುಗಿದರು.

ವಾಪಸ್ ಬರುವಾಗ ಬನ್ನೂರು ದಾರಿಯಲ್ಲಿ ಅವರೆಕಾಯಿ. ಚಳಿ ಬಿದ್ದ ಮೇಲಿನ ಸೊಗಡಿನ ಕಾಯಿ, ಮುಟ್ಟಿದರೆ ಕೈಗೆ ಎಣ್ಣೆ ಎಣ್ಣೆ ಅಂಟುತ್ತೆ. ಆ ವಾಸನೆ ಕೈಯಲ್ಲಿ ಎರಡು ದಿನ ಇರುತ್ತೆ, ಸೋಪು ಹಾಕಿದರೂ ಹೋಗಲ್ಲ. ಹೋಗಲಿ ಅಂತ ಯಾರಿಗೂ ಅನ್ನಿಸೋದೂ ಇಲ್ಲ. ಅವತ್ತು ರಾತ್ರಿ ಟಿವಿ ಮುಂದೆ ಮೊರ ಇಟ್ಟುಕೊಂಡು ಬಿಡಿಸಿದೆವು. ಕಾಳು ರಾತ್ರಿಯೆಲ್ಲ ನೀರಲ್ಲಿ ನೆಂದಿತು. ಬೆಳಿಗ್ಗೆ ಒಂದೊಂದನ್ನೇ ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಬೇಳೆ ಪುಳಕ್ ಅಂತ ಹಾರಿ ಪಾತ್ರೆಗೆ ಬೀಳುತ್ತೆ, ಸಿಪ್ಪೆ ಕೈಯಲ್ಲೇ ಉಳಿಯುತ್ತೆ. ಒಂದು ಬುಟ್ಟಿ ಕಾಯಿಗೆ ಕೊನೆಗೆ ಸಿಗೋದು ಒಂದು ಪಾತ್ರೆ ಬೇಳೆ. ನನ್ನ ಪ್ರಕಾರ ಈ ಸೀಮೆಯಲ್ಲಿ ಒಬ್ಬರಿಗೊಬ್ಬರು ಕೊಡಬಹುದಾದ ಅತಿ ದೊಡ್ಡ ಉಡುಗೊರೆ ಅಂದರೆ ಒಂದು ಡಬ್ಬ ಹಿತಕಿದ ಬೇಳೆ. ಸಾರು ಮಾಡಿ ಕೊಡೋದಲ್ಲ, ಬರೀ ಬೇಳೆ. ಅವರ ಅರ್ಧ ದಿನದ ಕೆಲಸ ಮುಗಿಸಿಕೊಟ್ಟ ಹಾಗೆ. ಮೇಲಿನ ಮನೆಯ ಬಾಣಂತಿಯ ಅಮ್ಮನಿಗೆ ಕೊಟ್ಟೆ. "ನಿಮ್ಮ ಕೈಗೆ ಚಿನ್ನದ ಬಳೆ ಹಾಕಬೇಕು ಕಣಮ್ಮ" ಅಂದರು. ಇನ್ನೂ ಹಾಕಿಲ್ಲ.

ಸಂಕ್ರಾಂತಿಗೆ ಮುಂಚೆ ಬೆಲ್ಲಕ್ಕೆ ಅಂತ ಪಾಂಡವಪುರದ ಕಡೆ ಹೋಗಲೇಬೇಕು, ಅದು ನನ್ನ ತವರು. ಬಸ್ಸಿನಲ್ಲೇ ಹೋಗೋದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೂ ಅತ್ತೆಗೂ ಸೊನ್ನೆ ರೂಪಾಯಿ ಟಿಕೆಟ್. ದುಡ್ಡು ಕೊಡೋದು ನಮ್ಮ ಮನೆಯವರು ಒಬ್ಬರೇ. ಸೀಟು ಸಿಗದೆ ನಿಲ್ಲೋದೂ ಅವರೇ.

ಅಣ್ಣನ ಮನೆಯಿಂದ ಆಲೆಮನೆಗೆ ನಡೆದೇ ಹೋಗಬಹುದು. ದೂರದಿಂದಲೇ ವಾಸನೆ ದಾರಿ ತೋರಿಸುತ್ತೆ. ಒಂದು ಕಡೆ ಗಾಣ ಕಬ್ಬನ್ನು ಅರೆಯುತ್ತಿರುತ್ತೆ, ಇನ್ನೊಂದು ಕಡೆ ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತೆ. ಒಲೆಗೆ ಹಾಕೋದು ಒಣಗಿದ ಕಬ್ಬಿನ ಸಿಪ್ಪೆಯನ್ನೇ. ಸ್ವಲ್ಪ ಸುಣ್ಣ ಹಾಕಿ, ಮೇಲೆ ಬಂದ ಕೊಳೆ ನೊರೆ ತೆಗೆಯುತ್ತಾರೆ. ಪಾಕ ಬಂತಾ ಅಂತ ಒಂದು ಹನಿ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಬಂದಿದ್ದರೆ ಕೊಪ್ಪರಿಗೆ ಇಳಿಸಿ, ತಿರುವಿ, ಅಚ್ಚಿಗೆ ಹಾಕುತ್ತಾರೆ. ಆ ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿನ ತುದಿಗೆ ಸುತ್ತಿಕೊಟ್ಟರೆ ಅದರ ಮುಂದೆ ಯಾವ ಸ್ವೀಟೂ ಇಲ್ಲ.

ಬೆಲ್ಲ ಬೆಳ್ಳಗೆ ಕಾಣಲಿ ಅಂತ ಹೈಡ್ರೋಸ್ ಹಾಕೋರೂ ಇದ್ದಾರೆ. ಸೋಡಿಯಂ ಹೈಡ್ರೋಸಲ್ಫೈಟ್ ಅದು, ಬಣ್ಣ ತೆಗೆಯೋ ಪುಡಿ. ನನಗೆ ಹಾಕದ ಬೆಲ್ಲ ಬೇಕು.

"ಕಪ್ಪು ಬೆಲ್ಲನೇ ಬೇಕಾ ಅಕ್ಕ? ಎಲ್ಲಾರೂ ಬೆಳ್ಳಗಿರೋದೇ ಕೇಳ್ತಾರೆ ಕಣಕ್ಕ" ಅಂದರು ಆಲೆಮನೆಯವರು.

ಅತ್ತೆಯೂ ಅವರ ಕಡೆಗೇ. "ಎಳ್ಳಿಗೆ ಕಪ್ಪು ಬೆಲ್ಲ ಹಾಕಿದ್ರೆ ನೋಡೋಕೆ ಚೆನ್ನಾಗಿರುತ್ತೇನಮ್ಮಾ?" ಈ ಜಗಳ ಇನ್ನೂ ಮುಗಿದಿಲ್ಲ. ಸದ್ಯಕ್ಕೆ ಎರಡೂ ತರುತ್ತೇವೆ. ಸಾರಿಗೆ, ಪಾಯಸಕ್ಕೆ ನನ್ನದು. ಎಳ್ಳಿಗೆ ಅವರದು.

ಅಲ್ಲಿಂದ ಮೇಲುಕೋಟೆಗೂ ಹೋಗಿ ಬಂದೆವು. ಅತ್ತೆ ಕಲ್ಯಾಣಿ ಮೆಟ್ಟಿಲ ಮೇಲೆ ಕೂತರು, ನಾವಿಬ್ಬರು ಯೋಗನರಸಿಂಹನ ಬೆಟ್ಟ ಹತ್ತಿದೆವು. ಇಳಿದು ಪುಳಿಯೋಗರೆ ತಿಂದೆವು. ಗೊಜ್ಜಿನ ಬಾಟಲಿ ತೆಗೆದುಕೊಳ್ಳೋಣ ಅಂತ ನಮ್ಮ ಮನೆಯವರು ಅಂದಾಗ ಅತ್ತೆ ಅವರನ್ನು ನೋಡಿದ ನೋಟಕ್ಕೆ ಆ ಮಾತು ಅಲ್ಲೇ ನಿಂತಿತು.

ಎಳ್ಳಿನ ಕೆಲಸ ಮಾತ್ರ ಒಂದು ವಾರ ಹಿಡಿಯುತ್ತೆ. ಕೊಬ್ಬರಿಯ ಮೇಲಿನ ಕಪ್ಪು ಹೆರೆದು ಸಣ್ಣಗೆ ಹೆಚ್ಚಬೇಕು. ಅಚ್ಚು ಬೆಲ್ಲವನ್ನು ಅಡಿಕೆ ಕತ್ತರಿಯಲ್ಲಿ ಚೂರು ಮಾಡಬೇಕು. ಎರಡನ್ನೂ ಮಹಡಿ ಮೇಲೆ ಬಿಸಿಲಿಗಿಟ್ಟು, ಕಾಗೆಗೆ ಕಾವಲು ಕೂರಬೇಕು. ಕಡಲೆಕಾಯಿ ಬೀಜ ಹುರಿದು, ಉಜ್ಜಿ, ಮೊರದಲ್ಲಿ ಕೇರಬೇಕು. ಎಳ್ಳು, ಹುರಿಗಡಲೆ ಸುಲಭ.

ಸಕ್ಕರೆ ಅಚ್ಚು ನಮ್ಮ ಅತ್ತೆಯ ಸ್ವಂತ ಇಲಾಖೆ. ಅವರ ಅಮ್ಮನ ಕಾಲದ ಮರದ ಅಚ್ಚುಗಳಿವೆ: ಗಿಳಿ, ಮೀನು, ತುಳಸಿಕಟ್ಟೆ, ಗೋಪುರ, ಒಂದು ಕಾಲು ಮುರಿದ ಆನೆ. ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕುತ್ತಾರೆ, ಇಲ್ಲದಿದ್ದರೆ ಪಾಕ ಮರಕ್ಕೆ ಕಚ್ಚಿಕೊಳ್ಳುತ್ತೆ. ಎರಡು ಹೋಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಸಾಲಾಗಿ ನಿಲ್ಲಿಸುತ್ತಾರೆ. ಸಕ್ಕರೆ ಕುದಿಯುವಾಗ ಸ್ವಲ್ಪ ಹಾಲು ಹಾಕಿದರೆ ಕೊಳೆಯೆಲ್ಲ ಮೇಲೆ ಬರುತ್ತೆ. ಅದನ್ನು ತೆಗೆದು, ಬಟ್ಟೆಯಲ್ಲಿ ಸೋಸಿದ ಪಾಕವನ್ನು ಸ್ವಲ್ಪ ಸ್ವಲ್ಪವೇ ಸಣ್ಣ ಬಾಣಲೆಗೆ ಹಾಕಿಕೊಂಡು ಮತ್ತೆ ಕಾಯಿಸಿ, ಚಮಚದಲ್ಲಿ ಅಂಚಿಗೆ ಉಜ್ಜುತ್ತಾ ತಿರುಗಿಸುತ್ತಾರೆ. ನೀರಿನ ಹಾಗೆ ಇದ್ದದ್ದು ನೋಡುತ್ತಿದ್ದಂತೆ ಮಬ್ಬಾಗುತ್ತೆ. ಆ ಕ್ಷಣಕ್ಕೇ ಅಚ್ಚಿಗೆ ಸುರಿಯಬೇಕು. ಒಂಚೂರು ತಡವಾದರೆ ಬಾಣಲೆಯಲ್ಲೇ ಕಲ್ಲಾಗುತ್ತೆ. ಆಗ ನೀರು ಹಾಕಿ ಮೊದಲಿಂದ ಶುರು. ಆ ಹೊತ್ತಿನಲ್ಲಿ ಅವರನ್ನು ಯಾರೂ ಮಾತಾಡಿಸೋ ಹಾಗಿಲ್ಲ, ಫೋನೂ ಎತ್ತಲ್ಲ. ಆನೆ ಮೂರು ಕಾಲಿನದ್ದೇ ಬರುತ್ತೆ. ಅದಕ್ಕೇ ಮಕ್ಕಳೆಲ್ಲ ಕಾಯೋದು.

ಎಳ್ಳು ತುಂಬೋ ಚೀಲ ಹೊಲಿಯೋದು ನಾನು. ತಾಂಬೂಲದ ಜೊತೆ ಬಂದ ಬ್ಲೌಸ್ ಪೀಸುಗಳು ಬೀರುವಿನಲ್ಲಿ ರಾಶಿ ಬಿದ್ದಿವೆ. ಯಾವ ಸೀರೆಗೂ ಹೊಂದಲ್ಲ, ಕೆಲವಂತೂ ತೋಳಿಗೂ ಸಾಲಲ್ಲ. ಒಂದು ಪೀಸಿಗೆ ನಾಲ್ಕು ಚೀಲ ಆಗುತ್ತೆ, ಬಾಯಿಗೆ ದಾರ ಎಳೆದರೆ ಮುಗಿಯಿತು. ಎಳ್ಳು ಬೀರೋಕೆ ಹೋದ ಮನೆಯೊಂದರಲ್ಲಿ ಆಕೆ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಪೀಸ್ ನಾನೇ ನಿಮಗೆ ಕೊಟ್ಟಿದ್ದಲ್ವಾ?" ಅಂದರು. ಹೌದು ಅಂದೆ. ಒಳಗೆ ಎಳ್ಳು ಹೊಸದು.

ಈಗ ಎಳ್ಳು ಮುಗಿದಿದೆ, ಹೊಸ ಸಾರಿನ ಪುಡಿ ಮುಂದಿನ ವಾರ ಮಿಲ್ಲಿಗೆ ಹೋಗುತ್ತೆ. ಬೇಕಾದವರು ಈಗಲೇ ಹೇಳಿ. ಬಾಟಲಿ ಮಾತ್ರ ನೀವೇ ತನ್ನಿ, ಒಣಗಿಸಿ ತನ್ನಿ. ಹೋದ ವರ್ಷದವು ಯಾರೂ ವಾಪಸ್ ಕೊಟ್ಟಿಲ್ಲ.